ಅಂಚೆಗೆ ಹೋಗದ ಹೊಸ ಅಕ್ಕಿ

1990ರ ಜುಲೈ ಕೊನೆಯಲ್ಲಿ ಬಂಟ್ವಾಳ ತಾಲೂಕಿನ ಹಳ್ಳಿಯೊಂದರಿಂದ ಕುವೈತಿಗೆ ನೀಲಿ ಬಣ್ಣದ ಏರ್‌ಮೇಲ್ ಕಾಗದವೊಂದು ಹೊರಟಿತು. ಬರೆದವಳಿಗೆ ಒಂಬತ್ತು ವರ್ಷ. ಕನ್ನಡ ಲಿಪಿಯಲ್ಲಿ ಕೊಂಕಣಿ. ಕ್ಷೇಮ ಸಮಾಚಾರ ಒಂದೂವರೆ ಸಾಲಿನಲ್ಲಿ ಮುಗಿದು, ಉಳಿದ ಜಾಗವೆಲ್ಲ ಪಟ್ಟಿ: ಮುಚ್ಚಳಕ್ಕೆ ಅಯಸ್ಕಾಂತ ಇರುವ ಪೆನ್ಸಿಲ್ ಬಾಕ್ಸು, ತಮ್ಮನಿಗೆ ರಿಮೋಟ್ ಕಾರು, ತನಗೆ ಬಿಳಿ ಶೂ. ಕೊನೆಗೆ ಒಂದು ದೂರು. ಹೋದ ಸಲ ತಂದ ಶೂ ಕಾಲಿಗೆ ಬಿಗಿಯಾಗಿತ್ತು, ಈ ಸಲ ಸರಿಯಾಗಿ ನೋಡಿ ತರಬೇಕು. ನಿಮ್ಮ ಆರೋಗ್ಯ ಹೇಗಿದೆ ಪಪ್ಪಾ ಎಂದು ಕೇಳುವಷ್ಟು ಜಾಗ ಕಾಗದದಲ್ಲಿ ಉಳಿಯಲಿಲ್ಲ.

ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿನೊಳಗೆ ನುಗ್ಗಿತು.

ಆ ಹುಡುಗಿಗೆ ಈಗ ನಲವತ್ತು ದಾಟಿದೆ. ಆ ಕಾಗದದ ಒಂದೊಂದು ಸಾಲೂ ಅವಳಿಗೆ ಇವತ್ತಿಗೂ ಬಾಯಿಪಾಠ. ಮಕ್ಕಳಿಗೆ ಕೃತಜ್ಞತೆ ಕಲಿಸುವುದು ಹೇಗೆ ಎಂಬ ಮಾತು ಎಲ್ಲಿ ಬಂದರೂ ಅವಳಿಗೆ ಮೊದಲು ನೆನಪಾಗುವುದು ಆ ನೀಲಿ ಕಾಗದವೇ.

ಅಂದಿನ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಅಂಥ ಪಟ್ಟಿ ಬರೆಯದ ಮಕ್ಕಳು ಕಡಿಮೆ. ಕುವೈತ್, ಬಹ್ರೇನ್, ಮಸ್ಕತ್, ದುಬೈ ಎಂಬ ಹೆಸರುಗಳು ಪಕ್ಕದೂರಿನ ಹೆಸರುಗಳ ಹಾಗೆ ಬಾಯಲ್ಲಿ ಓಡಾಡುತ್ತಿದ್ದವು. ಎರಡು ವರ್ಷಕ್ಕೊಮ್ಮೆ ಬರುವ ತಂದೆಯ ಪೆಟ್ಟಿಗೆ ತೆರೆದರೆ ಇಡೀ ಕೋಣೆಗೆ ಬೇರೆಯದೇ ವಾಸನೆ. ನಿಡೊ ಹಾಲಿನ ಪುಡಿ, ಟ್ಯಾಂಗ್, ಟೈಗರ್ ಬಾಮ್, ಸೋಪು, ಚಾಕೊಲೇಟು. ಒಂದೂವರೆ ತಿಂಗಳ ರಜೆ ಮುಗಿಸಿ ತಂದೆ ಹೊರಟ ಮೇಲೂ ಆ ವಾಸನೆ ಕಪಾಟಿನಲ್ಲಿ ಬಹಳ ದಿನ ನಿಲ್ಲುತ್ತಿತ್ತು. ಮಕ್ಕಳ ಪಾಲಿಗೆ ತಂದೆಯೆಂದರೆ ಬಹುಪಾಲು ಅದೇ. ಅವರನ್ನು ದುರಾಸೆಯ ಮಕ್ಕಳು ಎಂದುಬಿಡುವುದು ಸುಲಭ. ಆದರೆ ತಂದೆಯನ್ನು ಹತ್ತಿರಕ್ಕೆ ತರಿಸಿಕೊಳ್ಳಲು ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ. ತಾಯಿಯೂ ತಡೆಯುತ್ತಿರಲಿಲ್ಲ. ಗಂಡ ಮನೆಯಲ್ಲಿಲ್ಲದ ಕೊರತೆಯನ್ನು ಸಾಮಾನಿನಿಂದಲಾದರೂ ತುಂಬೋಣ ಎಂದು ಆಕೆಗೆ ಅನಿಸಿದ್ದರೆ ಅದು ತಪ್ಪೆಂದು ಹೇಳುವವರು ಯಾರು?

ತಡೆಯುತ್ತಿದ್ದವಳು ಅಜ್ಜಿ. ಅವಳು ಬೈಯುತ್ತಿರಲಿಲ್ಲ, ಹಸಿದವರ ಕತೆ ಹೇಳಿ ಮಕ್ಕಳನ್ನು ಅಳಿಸುತ್ತಲೂ ಇರಲಿಲ್ಲ. ಪೆಟ್ಟಿಗೆ ತೆರೆದ ದಿನ ಮೊದಲ ಚಾಕೊಲೇಟು ಮನೆಯವರ ಬಾಯಿಗೆ ಹೋಗುವಂತಿಲ್ಲ, ಅಷ್ಟೇ ಅವಳ ಕಟ್ಟಳೆ. ಸ್ಟೀಲಿನ ತಟ್ಟೆಗಳಲ್ಲಿ ಪಾಲು ಹಾಕಿ, ಮೇಲೆ ಬಟ್ಟೆ ಮುಚ್ಚಿ, ಹುಡುಗಿಯ ಕೈಗೆ ಕೊಡುತ್ತಿದ್ದಳು. ಗದ್ದೆಯಾಚೆಯ ಭಟ್ಟರ ಮನೆಗೆ ಒಂದು, ಬ್ಯಾರಿ ಕುಟುಂಬಕ್ಕೆ ಒಂದು, ನೇಜಿ ನೆಡಲು ಬರುತ್ತಿದ್ದ ಹೆಂಗಸಿನ ಮನೆಗೆ ಒಂದು. ಕ್ರಿಸ್ಮಸ್ಸಿನ ಕುಸ್ವಾರಿಗೂ ಅದೇ ಕ್ರಮ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ ತುಂಬಿದ ತಟ್ಟೆ ಹೊತ್ತು ಮಂಜಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆದ ನೆನಪು ಹುಡುಗಿಯ ಪಾದಗಳಲ್ಲೇ ಉಳಿದುಬಿಟ್ಟಿದೆ. ಹೋದ ತಟ್ಟೆ ಬರಿದಾಗಿ ಮರಳುತ್ತಿರಲಿಲ್ಲ. ಒಂದು ಹಿಡಿ ಸಕ್ಕರೆ, ಎರಡು ಬಾಳೆಹಣ್ಣು, ಏನೂ ಇಲ್ಲದ ಮನೆಯಾದರೆ ನಾಲ್ಕು ಮಲ್ಲಿಗೆ ಮೊಗ್ಗು. ಚೌತಿಗೆ, ದೀಪಾವಳಿಗೆ, ಈದ್ ಹಬ್ಬಕ್ಕೆ ಆ ಕಡೆಯ ತಟ್ಟೆಗಳು ಈ ಕಡೆಗೆ ಬರುತ್ತಿದ್ದವು.

ಮಂಗಳೂರಿನ ಕ್ರೈಸ್ತರ ಕೊಂಕಣಿಯಲ್ಲಿ ಕೃತಜ್ಞತೆ ಹೇಳುವ ಮಾತು ‘ದೇವ್ ಬರೆಂ ಕರುಂ’. ದೇವರು ಒಳ್ಳೆಯದು ಮಾಡಲಿ ಎಂದರ್ಥ. ಪಡೆದವನು ಇಲ್ಲಿ ತನ್ನ ಸಂತೋಷವನ್ನು ಹೇಳಿಕೊಳ್ಳುವುದಿಲ್ಲ; ಕೊಟ್ಟವನ ಪರವಾಗಿ ದೇವರಲ್ಲಿ ಬೇಡುತ್ತಾನೆ. ಸಂಜೆ ತೇರ್ಸ್, ಅಂದರೆ ಜಪಸರ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಎಂದರೆ ಆಶೀರ್ವಾದ, ಕೇಳಿದಾಗಲೂ ಹಿರಿಯರ ಬಾಯಿಂದ ಬರುತ್ತಿದ್ದುದು ಇದೇ ಹಾರೈಕೆ. ಕೊಟ್ಟವರಿಗೂ ಪಡೆದವರಿಗೂ ಒಂದೇ ಮಾತು ಸಾಕಾಗುವ ಭಾಷೆಯಲ್ಲಿ ಬೆಳೆದದ್ದು ತನ್ನ ಭಾಗ್ಯ ಎಂದು ಆ ಹುಡುಗಿ ಈಗ ಹೇಳುತ್ತಾಳೆ.

ಅಜ್ಜಿಗೆ ಹತ್ತು ಮಂದಿ ಕುಷ್ಠರೋಗಿಗಳ ಕತೆ ಬಲು ಇಷ್ಟ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಬರುತ್ತದೆ: ಯೇಸು ಹತ್ತು ಮಂದಿಯನ್ನು ಗುಣಪಡಿಸಿದ, ಹಿಂದಿರುಗಿ ಬಂದು ಉಪಕಾರ ನೆನೆದವನು ಒಬ್ಬನೇ, ಅವನೂ ಪರಕೀಯನಾದ ಸಮಾರ್ಯದವನು. ಭಾನುವಾರದ ದೊತೊರ್ನ್, ಅಂದರೆ ಧರ್ಮಬೋಧೆಯ ತರಗತಿಯಲ್ಲಿ ಉಳಿದ ಒಂಬತ್ತು ಮಂದಿಯನ್ನು ಕೃತಘ್ನರೆಂದು ಕಲಿಸುತ್ತಿದ್ದರು. ಅಜ್ಜಿ ಒಪ್ಪುತ್ತಿರಲಿಲ್ಲ. “ಅವರು ಕೆಟ್ಟವರಲ್ಲ ಬಾಯೆ. ಗುಣವಾದ ಖುಷಿಗೆ ಹೆಂಡತಿ ಮಕ್ಕಳನ್ನು ನೋಡಲು ಓಡಿದರು. ಇವನೊಬ್ಬ ಬಂದ ದಾರಿಯಲ್ಲೇ ತಿರುಗಿ ನಡೆದ, ಅಷ್ಟೇ ವ್ಯತ್ಯಾಸ.” ತಿರುಗಿ ನಡೆಯಬೇಕಾದ ಕಾಲುಗಳಿಗೆ ಮೊದಲು ದಾರಿ ಗೊತ್ತಿರಬೇಕು ಎಂದೇ ಅವಳು ಮೊಮ್ಮಗಳ ಕೈಯಲ್ಲಿ ತಟ್ಟೆ ಕೊಟ್ಟು ಕಳಿಸುತ್ತಿದ್ದಳೋ ಏನೋ.

ಹಾಗೆಂದು ಅವಳು ಎಲ್ಲದಕ್ಕೂ ತಲೆ ಬಾಗಿಸುವವಳಲ್ಲ. ಈ ಮಾತು ಇಲ್ಲಿ ಹೇಳಲೇಬೇಕು. ಆ ಮನೆಯ ಗದ್ದೆ ‘ಡಿಕ್ಲರೇಶನ್‌ನಲ್ಲಿ ಸಿಕ್ಕಿದ್ದು’; 1974ರ ಭೂಸುಧಾರಣೆಯ ನಂತರ ಉಳುವವನ ಹೆಸರಿಗೆ ಬಂದ ಭೂಮಿ. ಅದಕ್ಕೆ ಮೊದಲು ಅಜ್ಜಿಯ ಗಂಡ ಗೇಣಿ ಒಕ್ಕಲು. ಮಳೆ ಕೈಕೊಟ್ಟ ವರ್ಷವೂ ಗೇಣಿಯ ಅಕ್ಕಿ ಅಳೆದು ಕೊಟ್ಟು, ಕೈಕಟ್ಟಿ ನಿಂತು, ಧಣಿಗಳು ದೊಡ್ಡ ಮನಸ್ಸಿನವರು ಎನ್ನಬೇಕಾಗಿತ್ತು. ಊರಿನವರೊಬ್ಬರು ಒಮ್ಮೆ, ಭೂಮಿ ಸಿಕ್ಕಿದ್ದಕ್ಕೆ ಧಣಿಗಳಿಗೆ ಋಣಿಯಾಗಿರಬೇಕು ಎಂದಾಗ ಅಜ್ಜಿ ಹೇಳಿದ್ದು ಒಂದೇ ಮಾತು: “ಅದು ನಮ್ಮ ಬೆವರು. ಅದಕ್ಕೆ ದೇವರಿಗೆ ಕೈಮುಗಿಯುತ್ತೇನೆ, ಧಣಿಗಳಿಗಲ್ಲ.” ಕೃತಜ್ಞತೆಯ ಹೆಸರಿನಲ್ಲಿ ಮಕ್ಕಳಿಗೆ ದೈನ್ಯವನ್ನು ಕಲಿಸಿಬಿಡುವ ಅಪಾಯ ದೊಡ್ಡದು. ದುಡಿದು ಪಡೆದ ಹಕ್ಕು ಬೇರೆ, ಕೂತಲ್ಲಿಗೆ ಬಂದ ಕೊಡುಗೆ ಬೇರೆ. ಎರಡನ್ನೂ ಬಿಡಿಸಿ ನೋಡಲು ಬಾರದ ಮಗು ಎರಡರಲ್ಲೂ ಸೋಲುತ್ತದೆ.

1990ರ ಆ ಆಗಸ್ಟ್ ಹೇಗೆ ಕಳೆಯಿತೆಂದು ಹುಡುಗಿಗೆ ಸರಿಯಾಗಿ ನೆನಪಿಲ್ಲ. ರೇಡಿಯೊ ಸುತ್ತ ಕೂತ ಹೆಂಗಸರು, ಯಾರದೋ ಮನೆಗೆ ಯಾರದೋ ಸುದ್ದಿ ಬಂತಂತೆ ಎಂದು ಓಡುವ ತಾಯಿ, ಒಲೆಯ ಮೇಲೆ ಉಕ್ಕಿ ಆರಿಹೋದ ಗಂಜಿ. ವಿದೇಶಾಂಗ ಸಚಿವ ಐ. ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಮಾತಾಡಿದರು, ಜೋರ್ಡಾನಿನ ಅಮ್ಮಾನ್‌ನಿಂದ ವಿಮಾನಗಳು ಜನರನ್ನು ಕರೆತರುತ್ತಿವೆ ಎಂಬ ಸುದ್ದಿ ಬಂತು. ಸುಮಾರು ಎರಡು ತಿಂಗಳಲ್ಲಿ ಏರ್ ಇಂಡಿಯಾದ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಿದರು ಎಂದು ಅವಳು ದೊಡ್ಡವಳಾದ ಮೇಲೆ ಓದಿದಳು. ಆಗ ಆ ಲಕ್ಷದಲ್ಲಿ ಒಬ್ಬರ ಸುದ್ದಿ ಮಾತ್ರ ಬೇಕಿತ್ತು, ಅದೇ ಇರಲಿಲ್ಲ. ಹುಡುಗಿ ಯಾರಿಗೂ ಹೇಳದೆ ಒಂದು ಲೆಕ್ಕ ಹಾಕುತ್ತಿದ್ದಳು. ತನ್ನ ಕಾಗದ ಯಾವತ್ತು ಮುಟ್ಟಿರಬಹುದು? ಮುಟ್ಟದೇ ಹೋಗಿದ್ದರೆ ಎಷ್ಟು ಚೆನ್ನ!

ಆಗಸ್ಟ್ 30ಕ್ಕೆ ಮೊಂತಿ ಫೆಸ್ತಿನ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರುವಾಯಿತು.

ತುಳುವರು ಕುರಲ್ ಪರ್ಬ ಎನ್ನುವ, ಕನ್ನಡದಲ್ಲಿ ತೆನೆ ಹಬ್ಬವಾದ ಈ ಹಬ್ಬ ಸೆಪ್ಟೆಂಬರ್ 8ಕ್ಕೆ, ಕನ್ಯಾಮರಿಯಮ್ಮನ ಜನ್ಮದಿನದಂದು. ‘ಮೊಂತಿ’ ಎಂಬ ಹೆಸರು ಬಂದದ್ದು ಫರಂಗಿಪೇಟೆಯಲ್ಲಿ ನೇತ್ರಾವತಿಯ ದಡದಲ್ಲಿರುವ ಮೊಂತೆ ಮಾರಿಯಾನೊ ಚರ್ಚಿನಿಂದ. 1763ರಲ್ಲಿ ಅಲ್ಲಿದ್ದ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಏಣೆಲು ಬೆಳೆ ತೆನೆ ಕಟ್ಟುವ ಹೊತ್ತು ಅದು. ಒಂಬತ್ತು ದಿನ ಮಕ್ಕಳು ಹೂ ತರಬೇಕು, ಹಾಡುತ್ತ ಬಾಲೆ ಮರಿಯಮ್ಮನ ಮೂರ್ತಿಯ ಮೇಲೆ ಸುರಿಯಬೇಕು. ಹಬ್ಬದ ದಿನ ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ. ಮೆರವಣಿಗೆ, ಪೂಜೆ, ಮಕ್ಕಳಿಗೆ ಕಬ್ಬು, ಮನೆಗೊಂದಿಷ್ಟು ತೆನೆ.

ಆ ವರ್ಷ ಹುಡುಗಿಗೆ ಹೂ ಕೊಯ್ಯಲು ಮನಸ್ಸಿರಲಿಲ್ಲ. ತಾಯಿಗೂ ಹಬ್ಬ ಬೇಡವಾಗಿತ್ತು. ಅಜ್ಜಿ ಬುಟ್ಟಿ ತಂದು ಮುಂದಿಟ್ಟಳು. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದ ಕರಾವಳಿಯ ಕ್ರೈಸ್ತರಲ್ಲಿ ಬದುಕಿ ಉಳಿದವರು ಮರಳಿದ್ದು 1799ರ ನಂತರ. ಅಜ್ಜಿಗೆ ಇಸವಿ ಗೊತ್ತಿರಲಿಲ್ಲ, ಹದಿನೈದು ವರ್ಷ ಎಂಬುದು ಗೊತ್ತಿತ್ತು. “ಹದಿನೈದು ವರ್ಷ ಕಾದವರ ಮನೆ ಇದು. ಹೂ ಕೊಯ್ದು ಬಾ,” ಎಂದಳು. ಹುಡುಗಿ ದಾಸವಾಳ, ಕೇಪಳ, ನಂದಿಬಟ್ಟಲು ಹುಡುಕುತ್ತ ಮನೆ ಮನೆಗೆ ಹೋದಳು. ಹೋದಲ್ಲೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಅಪ್ಪನ ಸುದ್ದಿ ಬಂತಾ ಮಗಾ? ಭಟ್ಟರ ಮನೆಯ ಅಮ್ಮ ತಮ್ಮ ದೇವರ ಪೂಜೆಗೆ ಕೊಯ್ದಿಟ್ಟ ಹೂವಿನಲ್ಲೇ ಅರ್ಧ ಬುಟ್ಟಿಗೆ ಹಾಕಿದರು. ಬ್ಯಾರಿ ಮನೆಯ ಮಗನೂ ಕುವೈತಿನಲ್ಲೇ ಸಿಕ್ಕಿಹಾಕಿಕೊಂಡಿದ್ದ. ಆ ತಾಯಿ ಹೂವಿನ ಬುಟ್ಟಿಯನ್ನು ಒಂದು ಸಲ ಮುಟ್ಟಿ, ಏನೂ ಹೇಳದೆ ಒಳಗೆ ಹೋದರು.

ಹಬ್ಬ ಶನಿವಾರ ಬಂತು. ಬಾಳೆಲೆಯ ಮೇಲೆ ಸಸ್ಯಾಹಾರದ ಊಟ, ಬೆಸ ಸಂಖ್ಯೆಯ ಪಲ್ಯಗಳು, ಕೆಸುವಿನ ದಂಟು, ಅಂಬಟೆಕಾಯಿ. ಊಟಕ್ಕೆ ಮೊದಲು ‘ನೊವೆಂ’. ಆಶೀರ್ವದಿಸಿದ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಪಾಯಸಕ್ಕೆ ಬೆರೆಸಿ ಎಲ್ಲರೂ ಒಟ್ಟಿಗೆ ಸವಿಯಬೇಕು. ನೇಜಿ ನೆಟ್ಟ ಹೆಂಗಸಿಗೆ ಅದರಲ್ಲಿ ಮೊದಲ ಪಾಲು ಹೋಗುತ್ತಿತ್ತು. ಪರದೇಶದಲ್ಲಿರುವವರಿಗೂ ಪಾಲುಂಟು: ನಾಲ್ಕಾರು ಕಾಳನ್ನು ಕಾಗದದ ನಡುವೆ ಮಡಚಿ ಅಂಚೆಯಲ್ಲಿ ಕಳಿಸುವುದು ಇವತ್ತಿಗೂ ಅನೇಕ ಮನೆಗಳ ರೂಢಿ. ಅಲ್ಲಿರುವವರು ಅದನ್ನು ತಮ್ಮ ಅನ್ನಕ್ಕೆ ಸೇರಿಸಿಕೊಳ್ಳುತ್ತಾರೆ. ಆ ವರ್ಷ ಕುವೈತಿಗೆ ಅಂಚೆ ಇರಲಿಲ್ಲ. ಅಜ್ಜಿ ಆರು ಕಾಳು ಎಣಿಸಿ, ಪೊಟ್ಟಣ ಕಟ್ಟಿ, ಅಲ್ತಾರಿನ ಮೇಲೆ ಮರಿಯಮ್ಮನ ಮೂರ್ತಿಯ ಹಿಂದೆ ಇಟ್ಟಳು. ಹುಡುಗಿ ದಿನಾ ಸಂಜೆ ತೇರ್ಸಿಗೆ ಮೊಣಕಾಲೂರಿದಾಗ ಅದು ಕಾಣುತ್ತಿತ್ತು. ಒಬ್ಬರಿಗಾಗಿ ತೆಗೆದಿಟ್ಟ ಪಾಲು ಹಾಗೆ ಕಣ್ಣೆದುರು ಉಳಿದುಬಿಡುವುದು ಎಷ್ಟು ಕಷ್ಟ ಎಂದು ಅವಳಿಗೆ ತಿಳಿದದ್ದು ಆಗ.

ಸೆಪ್ಟೆಂಬರ್ ಕೊನೆಯ ವಾರ ತಂದೆ ಬಂದರು. ಕೊಂಕಣ ರೈಲು ಇನ್ನೂ ಬಂದಿರದ ಕಾಲ, ಬೊಂಬಾಯಿಯಿಂದ ಬಸ್ಸು. ಪೆಟ್ಟಿಗೆ ಇರಲಿಲ್ಲ. ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ, ಬೆಲೆ ಕಳೆದುಕೊಂಡ ದಿನಾರಿನ ಕೆಲವು ನೋಟುಗಳು. ಮುಖ ಸುಟ್ಟು ಕಪ್ಪಾಗಿತ್ತು. ತಮ್ಮ, ಐದು ವರ್ಷದವನು, ಚೀಲದೊಳಗೆ ಇಣುಕಿ ಕಾರು ಎಲ್ಲಿ ಎಂದು ಕೇಳಿದ. ಯಾರೂ ಬೈಯಲಿಲ್ಲ. ತಂದೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, “ತೆಗೆದಿಟ್ಟಿದ್ದೆ ಪುತಾ. ತರಲು ಆಗಲಿಲ್ಲ,” ಎಂದರು. ಆಮೇಲೆ ಹುಡುಗಿಯ ಕಡೆ ನೋಡಿ, “ಶೂ ಕೂಡ. ಈ ಸಲ ಒಂದು ಸೈಜು ದೊಡ್ಡದು,” ಎಂದರು. ಕಾಗದ ಮುಟ್ಟಿತ್ತು. ಆ ರಾತ್ರಿ ಅಜ್ಜಿ ಪೊಟ್ಟಣ ಬಿಚ್ಚಿ ಆರು ಕಾಳನ್ನು ಕುಟ್ಟಿ ಹಾಲಿಗೆ ಹಾಕಿದಳು. ಹುಡುಗಿ ಲೋಟ ಒಯ್ದು ಕೊಟ್ಟಳು. ಏನೋ ಹೇಳಬೇಕೆಂದಿದ್ದವಳಿಗೆ ಹೇಳಲಾಗಲಿಲ್ಲ.

ಬಾಸ್ರಾ, ಬಾಗ್ದಾದ್, ಜೋರ್ಡಾನಿನ ಗಡಿ, ಮರುಭೂಮಿಯ ಡೇರೆಗಳು. ತಂದೆ ಆ ದಾರಿಯ ಬಗ್ಗೆ ಹೆಚ್ಚು ಮಾತಾಡಿದವರಲ್ಲ. ಒಂದನ್ನು ಮಾತ್ರ ಹೇಳಿದರು. ಎರಡು ದಿನ ಊಟವಿಲ್ಲದೆ ಸಾಲಿನಲ್ಲಿ ನಿಂತಿದ್ದಾಗ ಜೋರ್ಡಾನಿನ ಒಬ್ಬ ಮನುಷ್ಯ ಲಾರಿ ನಿಲ್ಲಿಸಿ, ತನ್ನ ಊಟಕ್ಕೆಂದು ಇಟ್ಟುಕೊಂಡಿದ್ದ ಖುಬ್ಬೂಸು, ಒಂದು ಬಾಟಲಿ ನೀರು ಕೊಟ್ಟು ಹೋದ. ಶುಕ್ರನ್ ಹೇಳುವಷ್ಟರಲ್ಲಿ ಲಾರಿ ಧೂಳಿನಲ್ಲಿ ಮರೆಯಾಗಿತ್ತು. “ಹಿಂದೆ ಹೋಗಿ ಹೇಳೋಣ ಎಂದರೆ ಅವನ ಹೆಸರೂ ಗೊತ್ತಿಲ್ಲ,” ಎಂದು ತಂದೆ ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವತ್ತಿನಿಂದ ತೇರ್ಸಿನ ಕೊನೆಗೆ ಒಂದು ‘ನಮಾನ್ ಮೊರಿಯೆ’, ಅಂದರೆ ಮರಿಯಮ್ಮನ ಪ್ರಾರ್ಥನೆ, ಹೆಚ್ಚಿಗೆ ಸೇರಿಸಿದಳು, ಲಾರಿಯವನಿಗೆಂದು. ಬ್ಯಾರಿ ಮನೆಯ ಮಗ ಅಕ್ಟೋಬರಿನಲ್ಲಿ ಕ್ಷೇಮವಾಗಿ ಬಂದ. ಲಾರಿಯವನ ಪ್ರಾರ್ಥನೆ ನಿಲ್ಲಲಿಲ್ಲ. ಅಜ್ಜಿ ತೀರಿಕೊಂಡ ಮೇಲೂ ನಿಂತಿಲ್ಲ.

ಅಷ್ಟಾದ ಮೇಲೂ ತನ್ನ ಮಗನಿಗೆ ಕೃತಜ್ಞತೆ ಕಲಿಸುವುದು ಆ ಹುಡುಗಿಗೆ ಕೈಗೂಡಲಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟು, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಒಬ್ಬನೇ ಮಗ. 2019ರ ಬೇಸಿಗೆಯಲ್ಲಿ ಅವನ ಹತ್ತನೇ ಹುಟ್ಟುಹಬ್ಬಕ್ಕೆ ಇಪ್ಪತ್ತಕ್ಕೂ ಹೆಚ್ಚು ಉಡುಗೊರೆ ಬಂದವು. ಕಾಗದ ಹರಿದು ಹರಿದು ಎಸೆದು, ಕೊನೆಯದನ್ನು ತೆರೆದು, “ಇಷ್ಟೇನಾ?” ಎಂದ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಎಂಬ ಗಾದೆಯನ್ನು ಅವಳು ಆ ಸಂಜೆ ಕಣ್ಣಾರೆ ಕಂಡಳು. ಎಲ್ಲರಿಗೂ ಥ್ಯಾಂಕ್ಸ್ ಹೇಳು ಎಂದು ಗದರಿದಳು. ಹೇಳಿದ, ಮೊಬೈಲಿನಿಂದ ಕಣ್ಣೆತ್ತದೆ.

ಆಮೇಲೆ ಪುಸ್ತಕಗಳನ್ನು ಓದಿದಳು. ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ವಾರಕ್ಕೊಮ್ಮೆ, ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆದಿಟ್ಟರು. ಹಾಗೆ ಬರೆದವರಿಗೆ, ಕಿರಿಕಿರಿಗಳನ್ನು ಬರೆದವರಿಗಿಂತ, ತಮ್ಮ ಬದುಕು ಹೆಚ್ಚು ಚೆನ್ನಾಗಿದೆ ಅನಿಸಿತು. ಸರಿ, ಮಗನಿಗೂ ಒಂದು ನೋಟುಬುಕ್ಕು ಬಂತು. ಎರಡು ವಾರದ ನಂತರ ತೆರೆದು ನೋಡಿದರೆ: ಪಿಜ್ಜಾ, ವೈಫೈ, ಎಸಿ, ಮತ್ತೆ ಪಿಜ್ಜಾ. ಸುಳ್ಳು ಬರೆದಿರಲಿಲ್ಲ ಪಾಪ. ಆದರೆ ಆ ಪುಟಗಳಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಇದ್ದದ್ದೆಲ್ಲ ಬಟನ್ ಒತ್ತಿದರೆ ಬಾಗಿಲಿಗೆ ಬರುವಂಥದ್ದು. ಅವನದು 1990ರ ನೀಲಿ ಕಾಗದವೇ ಎಂದು ಅವಳಿಗೆ ಹೊಳೆದದ್ದು ಆಗ. ಅವಳ ಪಟ್ಟಿಗಾದರೂ ಆ ತುದಿಯಲ್ಲಿ ಓದುವ ತಂದೆಯೊಬ್ಬರಿದ್ದರು.

ಆ ಆಗಸ್ಟ್ 30ಕ್ಕೆ ಅವಳು ಮಗನ ಕೈಗೆ ಬುಟ್ಟಿ ಕೊಟ್ಟಳು. ಅವರ ಚರ್ಚಿನಲ್ಲೂ ನೊವೆನಾಕ್ಕೆ ಮಕ್ಕಳು ಹೂ ತರುತ್ತಾರೆ. ಹೆಚ್ಚಿನವರು ಅಂಗಡಿಯಿಂದ ಕೊಂಡದ್ದು. ಇವನಿಗೆ ಮಾತ್ರ ಕೊಳ್ಳಬಾರದು, ಕೇಳಿ ತರಬೇಕು ಎಂಬ ಕರಾರು. ಮೊದಲ ದಿನ ಅತ್ತ. ಎರಡನೇ ದಿನ ನೆಲಮಹಡಿಯ ಹಿರಿಯ ಹೆಂಗಸಿನ ಬಾಗಿಲು ತಟ್ಟಿದ. ಅವರ ಕುಂಡಗಳಲ್ಲಿ ದಾಸವಾಳ ಇತ್ತು. ದಿನಕ್ಕೆ ನಾಲ್ಕು ಕೊಡುತ್ತೇನೆ, ಸಂಜೆ ಕುಂಡಗಳಿಗೆ ನೀರು ನೀನೇ ಹಾಕಬೇಕು ಎಂದರಂತೆ ಅವರು. ಸೆಪ್ಟೆಂಬರ್ 2 ಗಣೇಶ ಚೌತಿ. ಅವತ್ತು ಹೂವೆಲ್ಲ ಅವರ ಗಣಪನಿಗೇ ಹೋಗಿರುತ್ತದೆ ಎಂದು ಹುಡುಗ ಬರಿಗೈಲಿ ಚರ್ಚಿಗೆ ಹೊರಟಿದ್ದ. ಮೆಟ್ಟಿಲ ಬಳಿ ಅವರೇ ಕರೆದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ದಾಸವಾಳ, ಜೊತೆಗೆ ಎರಡು ಕಡುಬು.

“ಅಮ್ಮಾ, ಅವರು ನಮಗೋಸ್ಕರ ತೆಗೆದಿಟ್ಟಿದ್ರು,” ಎಂದು ಹುಡುಗ ಚರ್ಚಿನ ದಾರಿಯುದ್ದಕ್ಕೂ ಎರಡು ಮೂರು ಸಲ ಹೇಳಿದ. ಅವಳು ಏನೂ ವಿವರಿಸಲು ಹೋಗಲಿಲ್ಲ.

ಆರನೇ ತಾರೀಕು ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ಇಳಿದು ಊರಿಗೆ ಹೋದರು. ಗದ್ದೆಯ ಅರ್ಧ ಭಾಗ ಈಗ ಅಡಿಕೆ ತೋಟ. ಭಾನುವಾರದ ಹಬ್ಬದಲ್ಲಿ ಹುಡುಗ ಕಬ್ಬಿಗಾಗಿ ನೂಕಾಡಿದ, ಕೆಸುವಿನ ದಂಟು ಬೇಡವೆಂದು ಹಟ ಮಾಡಿದ, ಪಾಯಸ ಮಾತ್ರ ಎರಡು ಸಲ ಹಾಕಿಸಿಕೊಂಡ. ಒಂಬತ್ತು ದಿನದಲ್ಲಿ ಮಗು ಬದಲಾಗಿಬಿಡುತ್ತದೆ ಎಂದು ಅವಳು ನಂಬಿದವಳಲ್ಲ. ಊಟವಾದ ಮೇಲೆ ಅವನೇ ಒಂದು ತೆನೆಯಿಂದ ನಾಲ್ಕು ಕಾಳು ಬಿಡಿಸಿ ಕಾಗದದಲ್ಲಿ ಮಡಚಿ ತಾಯಿಯ ಬ್ಯಾಗಿಗೆ ಹಾಕಿದ. ಕೆಳಗಿನ ಮನೆಯ ಆಂಟಿಗೆ ಅಂದ.

ಸಂಜೆ ತೇರ್ಸ್ ಮುಗಿಯಿತು. ಎಪ್ಪತ್ತು ದಾಟಿದ ಅಜ್ಜ, ಅಂದರೆ ಅವಳ ತಂದೆ, ಎಂದಿನಂತೆ ಲಾರಿಯವನ ಹೆಸರಿನಲ್ಲಿ ಕೊನೆಯ ಪ್ರಾರ್ಥನೆಗೆ ಬಾಯಿ ತೆರೆದಾಗ ಮೊಮ್ಮಗ ತಡೆದ.

“ಆ ರೊಟ್ಟಿ ಕೊಟ್ಟವರು ಇನ್ನೂ ಇದ್ದಾರಾ ಅಜ್ಜಾ?”

“ಗೊತ್ತಿಲ್ಲ ಪುತಾ.”

“ಹಾಗಾದ್ರೆ ಇವತ್ತು ನಾನು ಹೇಳ್ಲಾ?”

ಅಜ್ಜ ತಲೆಯಾಡಿಸಿದರು. ಹುಡುಗ ಕಣ್ಣು ಮುಚ್ಚಿ ‘ನಮಾನ್ ಮೊರಿಯೆ’ ಶುರು ಮಾಡಿದ. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲೇ ಪ್ರಾರ್ಥಿಸಿ ರೂಢಿಯಾದವನಿಗೆ ಕೊಂಕಣಿ ನಡುವೆಯೇ ಮರೆತುಹೋಯಿತು. ಅವನ ತಾಯಿ ಪಕ್ಕದಿಂದ ಮುಂದಿನ ಮಾತನ್ನು ಮೆಲ್ಲಗೆ ಹೇಳಿಕೊಟ್ಟಳು.